ಚುಕ್ಕಿಬೀದಿಯ ಕಣ್ಣು

"ನಿನ್ ಅಳಿಯನ್ನ ಕಳ್ಳ ಅಂದ್ಬುಟ್ರು ಕಣಣ್ಣ!"

ಹೀಗೆನ್ನುತ್ತ ಸಣ್ಣಕ್ಕ ಹೊಸ್ತಿಲಲ್ಲೇ ಕುಸಿದು ಕೂತಾಗ ಶಿವರಾಜು ಇಡ್ಲಿ ಮುರಿಯುತ್ತಿದ್ದ. ಮುರಿದ ಇಡ್ಲಿ ಚಟ್ನಿಯವರೆಗೆ ಹೋಗಲಿಲ್ಲ. ತಂಗಿ ಹರದನಹಳ್ಳಿಯಿಂದ ಮೊದಲ ಬಸ್ಸಿಗೇ ಹಾಸನಕ್ಕೆ ಹೊರಟು, ಅಣ್ಣನ ಮನೆಗೆ ಬೀಗ ಕಂಡು, ನೇರವಾಗಿ ನೀಲಾಂಬಿಕೆಯವರ ಮನೆಗೆ ಬಂದಿದ್ದಳು. ಬೆಳಗಿನ ಹೊತ್ತು ಅಣ್ಣ ಎಲ್ಲಿ ಸಿಗುತ್ತಾನೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ನೀಲಾಂಬಿಕೆ ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಜಿಲ್ಲೆಯ ಬದು ಜಗಳಗಳನ್ನು ಅಳೆದೂ ಅಳೆದೂ ಅವರಿಗೆ ಜಮೀನಿಗಿಂತ ಮನುಷ್ಯರ ಒತ್ತುವರಿಯೇ ಚೆನ್ನಾಗಿ ಗೊತ್ತಾಗಿಬಿಟ್ಟಿತ್ತು. ಕಳೆದ ಒಡವೆ, ಕಾಣೆಯಾದ ಹಸು, ಬೆಳಗಾಗುವಷ್ಟರಲ್ಲಿ ಜಾಗ ಬದಲಿಸಿದ ಬಾಂದುಕಲ್ಲು, ಇಂಥ ತಕರಾರು ಹೊತ್ತವರೆಲ್ಲ ಪೊಲೀಸರಿಗಿಂತ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ಸರ್ಕಾರಿ ಬಸ್ಸಿನ ಡ್ರೈವರಾಗಿದ್ದ ಶಿವರಾಜು ಈಗ ಅವರ ಹಳೆಯ ಮಾರುತಿ ಕಾರಿನ ಸಾರಥಿ. ಸಂಬಳವಿಲ್ಲ, ತಿಂಡಿ ಉಂಟು. ತಾನಿಲ್ಲದಿದ್ದರೆ ಈಯಮ್ಮ ಒಂದು ಕಳುವನ್ನೂ ಪತ್ತೆ ಮಾಡುತ್ತಿರಲಿಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇಂದು ಆ ಜಂಬಕ್ಕೆ ಬಾಯಿ ಒಣಗಿತ್ತು.

"ಮೊದಲು ಕಾಫಿ ಕುಡಿ ತಾಯಿ. ಆಮೇಲೆ ಅಳುವೆಯಂತೆ," ಎಂದರು ನೀಲಾಂಬಿಕೆ. ಸಣ್ಣಕ್ಕ ಎರಡನ್ನೂ ಒಟ್ಟಿಗೇ ಮಾಡಿದಳು.

ಅವಳ ಮಗ ಕೀರ್ತಿರಾಜ್ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಹತ್ತಿರ ಹೊಸದಾಗಿ ಎದ್ದಿದ್ದ 'ಸಿರಿಬಯಲು' ಎಂಬ ವಿನೋದವನದಲ್ಲಿ ಟೆಕ್ನೀಷಿಯನ್. ಅಲ್ಲಿ ಹಳ್ಳಿಬೀದಿ, ಚುಕ್ಕಿಬೀದಿ, ಸಂತೆಬಯಲು ಎಂದು ಒಂದೊಂದು ಭಾಗಕ್ಕೆ ಒಂದೊಂದು ಲೋಕದ ವೇಷ. ಚುಕ್ಕಿಬೀದಿಯ ಗುಮ್ಮಟದೊಳಗೆ ನಕ್ಷತ್ರಗಳನ್ನು ತೋರಿಸುವ ಯಂತ್ರವಿತ್ತು. ಅದರ ಲೆನ್ಸನ್ನು ಎಲ್ಲರೂ ಕಣ್ಣು ಎಂದೇ ಕರೆಯುತ್ತಿದ್ದರು. ಹೊರದೇಶದಿಂದ ತರಿಸಿದ ಆ ಕಣ್ಣು ನಿನ್ನೆ ಸಂಜೆ ಮಾಯವಾಗಿತ್ತು. ಕ್ರಿಸ್ಮಸ್ ರಜೆಗೆ ಬಾಗಿಲು ತೆರೆಯಲು ಇನ್ನು ನಾಲ್ಕೇ ದಿನ.

"ಸಂಜೆ ಒಳಗೆ ತಂದ್ಕೊಡ್ದಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂದವ್ರೆ ದೇವರಾಜು ಗೌಡ್ರು," ಎಂದಳು ಸಣ್ಣಕ್ಕ. "ಉಡುಗಂಗೆ ಸರ್ಕಾರಿ ಕೆಲ್ಸ ಆಗೈತೆ ಅಮ್ಮಾರೆ. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಈಗ ಸ್ಟೇಷನ್ನಾಗೆ ಎಸ್ರು ಬಂದ್ರೆ ಎಲ್ಲಾ ಓಯ್ತು. ಅಲ್ಲಿ ಅಷ್ಟು ಜನ ಇದ್ರಲ್ಲ, ರಾತ್ರೋರಾತ್ರಿ ಮನೆ ಗಂಟ ಬಂದು ನಮ್ಮ ಉಡುಗನ ಚೀಲ ಒಂದೇ ಯಾಕೆ ಸುರುವಿ ನೋಡ್ಬೇಕಿತ್ತು?"

ಆ ಪ್ರಶ್ನೆಗೆ ಉತ್ತರ ಮೂವರಿಗೂ ಗೊತ್ತಿತ್ತು: ಹುಡುಗ ಊರಾಚೆಯ ಕೇರಿಯವನು. ಶಿವರಾಜು ತಟ್ಟೆ ತಳ್ಳಿ ಕಾರಿನ ಕೀಲಿ ಹುಡುಕಿದ.

"ನಿನ್ನೆ ನಿನ್ನ ಮಗ ಮನೆಗೆ ಯಾವಾಗ ಬಂದ?" ಎಂದು ಕೇಳಿದರು ನೀಲಾಂಬಿಕೆ.

"ನಾನು ದೇವರಿಗೆ ದೀಪ ಹಚ್ಚೋ ಹೊತ್ಗೆ ಮನೇಲಿ ಕಾಪಿ ಕುಡೀತಿದ್ದ. ಆದ್ರೆ ಕಸ ಗುಡ್ಸೋ ಮಾಯಮ್ಮ ಏನಂತಾಳೆ ಗೊತ್ತಾ? ದೀಪ ಹತ್ಕೊಂಡ ಹೊತ್ನಲ್ಲಿ ಇವನು ಚೀಲ ನೇತಾಕ್ಕೊಂಡು ಗುಮ್ಮಟದಿಂದ ಆಚಿಗೆ ಬಂದ ಅಂತಾಳೆ. ಒಂದೇ ಹೊತ್ನಾಗೆ ಬಾಗೂರ್ನಲ್ಲೂ ಅರದನಳ್ಳೀಲೂ ಇರಕ್ಕೆ ಅವನೇನು ದ್ಯಾವ್ರಾ?"

ನೀಲಾಂಬಿಕೆ ಕನ್ನಡಕ ಒರೆಸಿಕೊಂಡರು. ತಾಯಿಯ ಸಾಕ್ಷಿಯನ್ನು ಯಾರು ನಂಬುತ್ತಾರೆ ಎಂದು ಶಿವರಾಜು ಒಳಗೊಳಗೇ ಕುದಿದ.

ಮೂವರೂ ಕಾರಿನಲ್ಲಿ ಸಿರಿಬಯಲು ತಲುಪಿದಾಗ ಬಾಗಿಲಲ್ಲಿ ಅದರ ಒಡೆಯ ದೇವರಾಜು ನಿಂತಿದ್ದರು. ತೆಂಗಿನ ತೋಟ, ಅಕ್ಕಿ ಗಿರಣಿ ಎಲ್ಲ ಇದ್ದೂ ಕಟ್ಟುವ ಹುಚ್ಚಿಗೆ ಬಿದ್ದ ಮನುಷ್ಯ. ನೀಲಾಂಬಿಕೆ ಹಿಂದೊಮ್ಮೆ ಅವರ ಜಮೀನಿನ ಗಡಿ ಅಳೆದು ಹದ್ದುಬಸ್ತು ಮಾಡಿಕೊಟ್ಟಿದ್ದರಿಂದ ಗೌರವಕ್ಕೆ ಕೊರತೆಯಿರಲಿಲ್ಲ.

"ನೀವು ಬಂದಿದ್ದು ಒಳ್ಳೇದೇ ಆಯ್ತು ಮೇಡಂ. ಆದ್ರೆ ಇದ್ರಲ್ಲಿ ಪತ್ತೆ ಮಾಡೋದು ಏನೂ ಇಲ್ಲ. ಕಳ್ಳ ಯಾರು ಅಂತ ಗೊತ್ತು, ಮಾಲು ಎಲ್ಲಿ ಅಂತ ಗೊತ್ತಿಲ್ಲ, ಅಷ್ಟೇ."

"ಹಾಗಿದ್ದರೆ ನಾನು ಸುಮ್ಮನೆ ನಿಮ್ಮ ಪಾರ್ಕು ನೋಡಿಕೊಂಡು ಹೋಗುತ್ತೇನೆ ಬಿಡಿ," ಎಂದು ನೀಲಾಂಬಿಕೆ ಒಳಗೆ ನಡೆದರು.

ಪಾರ್ಕಿನ ನಕ್ಷೆ ಮಾಡಿದವಳು ದೇವರಾಜು ಅವರ ಮಗಳು ಅನುಶ್ರೀ. ಆರ್ಕಿಟೆಕ್ಚರ್ ಓದಿ ಬಂದವಳ ಮೊದಲ ದೊಡ್ಡ ಕೆಲಸ. ನಿದ್ದೆಗೆಟ್ಟ ಕಣ್ಣಿನ ಹುಡುಗಿ ಅವರ ಜೊತೆ ಹೆಜ್ಜೆ ಹಾಕಿದಳು. ಹಳ್ಳಿಬೀದಿಯ ಮನೆಗಳು ಮೂಡಲಿಗೆ ಮುಖ ಮಾಡಿದ್ದವು. ಬೆಳಗಿನ ಬಿಸಿಲು ಜಗುಲಿಗಳ ಮೇಲೆಲ್ಲ ಹರಡಿತ್ತು. ಒಂದು ಮನೆಯ ಅಡುಗೆಕೋಣೆಯಲ್ಲಿ ಒಲೆ, ಒರಳು, ನಿಜವಾದ ರಾಗಿ ತುಂಬಿದ ದೊಡ್ಡ ಗುಡಾಣ. ಚಪ್ಪಲಿ ಬಿಟ್ಟು ಒಳಗೆ ಹೋದ ಶಿವರಾಜುವಿನ ಅಂಗಾಲಿಗೆ ಏನೋ ಚುಚ್ಚಿತು. ಗುಡಾಣದ ಬುಡದಲ್ಲಿ ನಾಲ್ಕಾರು ಕಾಳು ರಾಗಿ ಚೆಲ್ಲಿತ್ತು. ಉಳಿದ ನೆಲವೆಲ್ಲ ಗುಡಿಸಿ ಕನ್ನಡಿಯಾಗಿತ್ತು. ಅವನು ಕಾಲು ಒರೆಸಿಕೊಂಡು ಗೊಣಗಿದ. ನೀಲಾಂಬಿಕೆ ಮಾತ್ರ ಆ ಕಾಳುಗಳನ್ನು ಬಗ್ಗಿ ನೋಡಿದರು.

ಹಳ್ಳಿಬೀದಿ ಸೊಂಟ ತಿರುಗಿಸಿದ ಕಡೆ ಚುಕ್ಕಿಬೀದಿ ಶುರು. ತಿರುವಿನಾಚೆ ಏನಿದೆಯೆಂದು ಈಚೆಯವರಿಗೆ ಕಾಣುವಂತಿರಲಿಲ್ಲ. ಎರಡೂ ಕಡೆ ಎತ್ತರದ ಗೋಡೆ, ಮೇಲೆ ಕಡುನೀಲಿ ಬಟ್ಟೆಯ ಚಪ್ಪರ, ನೈಋತ್ಯಕ್ಕೆ ಸಿಮೆಂಟಿನಲ್ಲಿ ಕಟ್ಟಿದ ದೊಡ್ಡ ಬೆಟ್ಟ.

"ಬೇಕಂತಲೇ ಹೀಗೆ ಮಾಡಿದ್ದೀನಿ ಮೇಡಂ," ಎಂದಳು ಅನುಶ್ರೀ. ಅಷ್ಟು ಹೊತ್ತಿಗೆ ಮೊದಲ ಸಲ ಅವಳ ಮುಖ ಅರಳಿತು. "ಬಿಸಿಲಿಂದ ಬಂದವರು ನೇರವಾಗಿ ಗುಮ್ಮಟದೊಳಗೆ ಹೋದರೆ ಕಣ್ಣು ಕತ್ತಲೆಗೆ ಒಗ್ಗಲ್ಲ. ಅದಕ್ಕೆ ಬೀದಿಯಲ್ಲೇ ಸ್ವಲ್ಪ ಸ್ವಲ್ಪ ಮಬ್ಬು ಮಾಡ್ಕೊಂಡು ಹೋಗ್ಬೇಕು. ಚುಕ್ಕಿ ನೋಡಿ ಆಚೆ ಬಂದ್ರೆ ಸಂತೆಬಯಲು, ಪಡುವಲಿಗೆ ಪೂರ್ತಿ ಬಯಲು, ಸಂಜೆ ಬಿಸಿಲು ಧಾರಾಳ. ಮಬ್ಬಿಂದ ಬಂದವರಿಗೆ ಆ ಬೆಳಕೇ ಹಬ್ಬ."

"ಬೀದಿದೀಪ ಯಾರು ಹಚ್ಚುತ್ತಾರೆ?"

"ಯಾರೂ ಇಲ್ಲ, ಸೆನ್ಸರ್ ಇದೆ. ಮೇ ತಿಂಗಳಲ್ಲಿ ಒಂದು ಸಲ ಜನರೇಟರ್ ಇಟ್ಟು ಹಾಕಿ ನೋಡಿದ್ವಿ, ಸರಿಯಾಗಿ ಕತ್ತಲಾದಾಗ ಹತ್ಕೊಂಡ್ವು. ಆಮೇಲೆ ಕರೆಂಟೇ ಇರಲಿಲ್ಲ. ನಿನ್ನೆ ಬೆಳಗ್ಗೆ ಲೈನ್ ಕೊಟ್ಟರು. ನಾನು ಲೈನ್‌ಮನ್ ಹೋದ ಮೇಲೆ ಹಾಸನಕ್ಕೆ ಹೋಗಿದ್ದೆ. ಕತ್ತಲಾದ ಮೇಲೆ ಬಂದು ಗುಮ್ಮಟಕ್ಕೆ ಬೀಗ ಹಾಕೋಕೆ ಹೋದರೆ ಕಣ್ಣೇ ಇಲ್ಲ."

ನೀಲಾಂಬಿಕೆ ಬೀದಿಯ ನೆಲ ನೋಡುತ್ತಿದ್ದರು. ಅರ್ಧ ಬೀದಿ ಚೊಕ್ಕಟವಾಗಿತ್ತು. ಇನ್ನರ್ಧದಲ್ಲಿ ಹೊಂಗೆಯ ತರಗೆಲೆ ಹಾಗೇ ಬಿದ್ದಿತ್ತು.

"ಇದನ್ನ ಕೇಳ್ಬೇಡಿ ಮೇಡಂ," ಎಂದು ಹಿಂದಿನಿಂದ ದೇವರಾಜು ಸಿಡುಕಿದರು. "ಅರಕಲಗೂಡಿಂದ ಬೀಗರ ಕಡೆಯವರನ್ನ ಕರ್ಕೊಂಡು ಬಂದ್ರೆ ಮಾಯಮ್ಮ ಅರ್ಧ ಗುಡಿಸಿ ಪೊರಕೆ ಬಿಸಾಕಿ ಕೂತವ್ಳೆ! ತರಗು ತುಳ್ಕೊಂಡೇ ಎಲ್ಲರೂ ಒಳಗೆ ಹೋಗಬೇಕಾಯ್ತು. ಇವತ್ತು ಏನೂ ಮುಟ್ಟಬೇಡಿ ಅಂತ ನಾನೇ ಹೇಳಿದ್ದೀನಿ."

"ಆ ಹೊತ್ತಿಗೆ ಯಂತ್ರದ ಕಣ್ಣು ಇತ್ತೇ?"

"ಇತ್ತಲ್ಲ! ನಾನೇ ಗುಂಡಿ ಒತ್ತಿ ಚುಕ್ಕಿ ತೋರಿಸಿದ್ದು. ಮುಗಿದಾಗ ಐದೂವರೆ. ಆಮೇಲೆ ಸಂತೆಬಯಲಲ್ಲಿ ಬೋಂಡಾ ಕಾಫಿಗೆ ಹೋದ್ವಿ. ಗುಮ್ಮಟಕ್ಕೆ ಬೀಗ ಇರಲಿಲ್ಲ, ನಿಜ. ಕೀರ್ತಿ ನಾನು ಸಂಜೆ ನಾಲ್ಕೂವರೆ ಸುಮಾರಿಗೇ ಹೋದೆ ಅಂತಾನೆ. ಮಾಯಮ್ಮ ದೀಪ ಹತ್ತಿದಾಗ ನೋಡ್ದೆ ಅಂತಾಳೆ. ಈ ಕಾಲದಲ್ಲಿ ದೀಪ ಹತ್ತೋದು ಆರು ಗಂಟೆಗೆ. ಅಂದ್ರೆ ಎಲ್ಲೋ ಬಚ್ಚಿಟ್ಕೊಂಡಿದ್ದು, ನಾವು ಕಾಫಿಗೆ ಹೋದಾಗ ಬಿಚ್ಕೊಂಡು ಹೋಗವ್ನೆ. ಇಷ್ಟು ಲೆಕ್ಕ ಯಾರಿಗೆ ಬರಲ್ಲ?"

ಲೆಕ್ಕ ಸರಿಯಾಗಿಯೇ ಇತ್ತು. ಅಳಿಯ ಸುಳ್ಳು ಹೇಳಿರಬಹುದೇ ಎಂಬ ಯೋಚನೆ ಒಂದು ಗಳಿಗೆ ತಲೆಗೆ ಬಂದದ್ದಕ್ಕೆ ಶಿವರಾಜು ತನ್ನನ್ನೇ ಬೈದುಕೊಂಡ.

ಕೀರ್ತಿರಾಜ್ ಗುಮ್ಮಟದ ಮೆಟ್ಟಿಲ ಮೇಲೆ ಕೂತಿದ್ದ. ಮಾವನನ್ನು ಕಂಡೊಡನೆ ಎದ್ದು ನಿಂತ. ಇಪ್ಪತ್ತೈದರ ಹುಡುಗನ ಮುಖ ಒಂದು ರಾತ್ರಿಗೆ ಬಾಡಿತ್ತು.

"ಹೇಗೆ ಹೋದೆಯಪ್ಪ ನಿನ್ನೆ?" ಎಂದರು ನೀಲಾಂಬಿಕೆ.

"ಆಟಕ್ಕೆ ಎಲ್ಲ ರೆಡಿ ಮಾಡಿಟ್ಟೆ ಮೇಡಂ. ಗುಂಡಿ ನಾನೇ ಒತ್ತೀನಿ, ನೀನು ಹೋಗು ಅಂದ್ರು ಗೌಡ್ರು. ನಮ್ಮೂರ ದಾರೀಲಿ ಹೊಳೆನರಸೀಪುರದ ಕಡೆ ಹೋಗೋ ಎಳನೀರು ಗಾಡಿ ಸಿಕ್ತು, ಹತ್ಕೊಂಡೆ. ಡ್ರೈವರ್ ಹೆಸರು ಕೇಳ್ಲಿಲ್ಲ. ಫೋನು ಚಾರ್ಜ್ ಇಲ್ದೆ ಆಫ್ ಆಗಿತ್ತು."

"ಈ ಕಣ್ಣು ಬಿಚ್ಚುವುದು ಯಾರಿಗೆ ಗೊತ್ತು?"

"ಬಂದೋರಿಗೆಲ್ಲ ನಾನೇ ತೋರಿಸ್ತಿದ್ದೆ, ಖುಷಿಗೆ. ಡಬ್ಬಿ ಮುಚ್ಚಳದಂಗೆ ತಿರುಗಿಸಿದ್ರೆ ಕೈಗೆ ಬರುತ್ತೆ. ಗೌಡ್ರಿಗೆ, ಅನುಶ್ರೀ ಮೇಡಂಗೆ, ಗೌಡ್ರ ತಾಯಿ ಲಕ್ಕಮ್ಮಜ್ಜಿಗೆ, ಮಾಯಮ್ಮಂಗೆ, ಎಲ್ಲರಿಗೂ ತೋರಿಸಿದ್ದೀನಿ."

ಒಳಗೆ ಯಂತ್ರ ಕಣ್ಣು ಕಿತ್ತ ಮುಖದಂತೆ ನಿಂತಿತ್ತು. ಕಣ್ಣಿದ್ದ ತೂತಿಗೆ ಯಾರೋ ಹೊಸ ರವಿಕೆ ಕಣವನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಿದ್ದರು. ಪಕ್ಕದಲ್ಲಿ ಕುಂಕುಮದ ಒಂದು ಬೊಟ್ಟು.

"ನಾನು ನೋಡಿದಾಗಲೇ ಬಟ್ಟೆ ಹೀಗಿತ್ತು. ಧೂಳು ಹೋಗಬಾರದಲ್ಲ ಅಂತ ಹಾಗೇ ಬಿಟ್ಟೆ," ಎಂದಳು ಅನುಶ್ರೀ.

"ಕುಂಕುಮ ಆಯುಧಪೂಜೆದು," ಎಂದರು ದೇವರಾಜು.

"ಈ ಯಂತ್ರ ಬಂದದ್ದು ಯಾವಾಗ?"

"ದೀಪಾವಳಿ ಆದ ಮೇಲೆ."

ನೀಲಾಂಬಿಕೆ ತಲೆಯಾಡಿಸಿ ಹೊರಗೆ ಬಂದರು. ಶಿವರಾಜು ಅವರ ಕಿವಿಯ ಬಳಿ ಪಿಸುಗುಟ್ಟಿದ: "ಅಮ್ಮಾರೆ, ರವಿಕೆ ಕಣ ಅಂದ್ರೆ ಎಂಗಸು ತಾನೆ? ಆ ಉಡುಗಿ ಕೆಲ್ಸ ಮುಗ್ದಿಲ್ಲ, ಓಪನಿಂಗ್ ಮುಂದಕ್ಕಾಕಿ ಅಂತ ಅಪ್ಪನ ಜೊತೆ ಜಗಳ ಆಡ್ತಿದ್ಲಂತೆ. ವಾಚ್‌ಮನ್ ಏಳ್ದ. ಅವಳೇ ಯಾಕಾಗಿರಬಾರ್ದು?"

"ಜೀನ್ಸ್ ಹಾಕಿದ ಹುಡುಗಿ ಜೇಬಲ್ಲಿ ರವಿಕೆ ಕಣ ಇಟ್ಟುಕೊಂಡು ತಿರುಗುತ್ತಾಳೇನೋ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನಬೇಡ."

ಹಳ್ಳಿಬೀದಿಯಲ್ಲಿ ಆ ರಾಗಿ ಗುಡಾಣದ ಮನೆಯ ಜಗುಲಿಯ ಮೇಲೆ ದೇವರಾಜು ಅವರ ತಾಯಿ ಲಕ್ಕಮ್ಮ ಕೂತಿದ್ದರು. ಹಣೆಯಲ್ಲಿ ಕಾಸಗಲ ಕುಂಕುಮ, ಸೊಂಟದಲ್ಲಿ ಸಣ್ಣ ಚೀಲ. ಪಕ್ಕದ ನೆಲದ ಮೇಲೆ ಮಾಯಮ್ಮ, ಅತ್ತು ಅತ್ತು ಮೂಗು ಕೆಂಪಾದವಳು.

"ಬಾ ಮಗ, ಕೂತ್ಕ," ಎಂದು ಲಕ್ಕಮ್ಮ ಚೀಲ ಬಿಚ್ಚಿ ನೀಲಾಂಬಿಕೆಯವರ ಹಣೆಗೆ ಕುಂಕುಮ ಹಚ್ಚಿ, ದೊನ್ನೆಯಲ್ಲಿದ್ದ ಹುಗ್ಗಿ ಕೊಟ್ಟರು. "ಧನುರ್ಮಾಸ ಅಲ್ವಾ, ದಿನಾ ಬೆಳಗ್ಗೆ ದೇವಸ್ಥಾನಕ್ಕೋಗಿ ತತ್ತೀನಿ. ಈ ತಿಂಗ್ಳಾಗೆ ದೇವರ ಕೆಲಸ ಬಿಟ್ರೆ ಬ್ಯಾರೆ ಯಾವ್ದೂ ಶುರು ಮಾಡ್ಬಾರ್ದು. ನನ್ ಮಗಂಗೆ ಏಳಿ ಏಳಿ ಸಾಕಾಯ್ತು."

"ನಿನ್ನೆ ನೀವೂ ನೆಂಟರ ಜೊತೆ ಇದ್ದಿರಾ ಅಜ್ಜಿ?"

"ಊಂ, ಚುಕ್ಕಿ ನೋಡ್ದೆ. ಅಲ್ಲಿಂದ ಸಂತೆಬಯಲಿಗೆ ಕಾಲಿಟ್ರೆ ಬಿಸಿಲು ರಪ್ ಅಂತ ಕಣ್ಗೆ ಒಡೀತು. ಸೆರಗು ಮರೆ ಮಾಡ್ಕಂಡೆ. ಮಂಡಿ ನೋವು ಬ್ಯಾರೆ. ಕಾಪಿ ಬ್ಯಾಡ ಅಂತ ವಾಪಸ್ ಬಂದು ಇಲ್ಲೇ ಜಗಲಿ ಮ್ಯಾಲೆ ಕುಂತೆ."

"ಮಾಯಮ್ಮ, ನೀನು ಅರ್ಧ ಬೀದಿ ಯಾಕೆ ಬಿಟ್ಟೆ?"

ಮಾಯಮ್ಮ ಬೆಚ್ಚಿಬಿದ್ದಳು. ಎಲ್ಲರೂ ಕೀರ್ತಿಯ ವಿಷಯವನ್ನೇ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಕಸದ ವಿಷಯ ಯಾರೂ ಕೇಳಿರಲಿಲ್ಲ.

"ದೀಪ ಹತ್ಕತಲ್ಲವ್ವ. ದೀಪ ಹತ್ತಿದ ಮ್ಯಾಲೆ ಕಸ ಗುಡಿಸಿದ್ರೆ ಲಕ್ಷ್ಮಿ ಓಯ್ತಾಳೆ. ನಾನು ಮನೇಲೂ ಗುಡ್ಸಕ್ಕಿಲ್ಲ, ಎಲ್ಲೂ ಗುಡ್ಸಕ್ಕಿಲ್ಲ. ಆ ಬೀದೀಗೆ ನನ್ನ ಆಕಿದ್ದೇ ನೆನ್ನೆ ಮೊದ್ಲು. ಕೀರ್ತಿ ಮಗ ಒಳ್ಳೇದು. ಆದ್ರೆ ಕಂಡಿದ್ದು ಕಂಡಂಗೆ ಏಳ್ಬೇಕಲ್ಲ, ಏಳ್ದೆ. ಪಾಪ, ನನ್ನಿಂದ ಅದ್ಕೆ ಇಂಗಾಯ್ತಲ್ಲ!"

ನೀಲಾಂಬಿಕೆ ದೊನ್ನೆಯ ಹುಗ್ಗಿ ಪೂರ್ತಿ ಮುಗಿಸಿ ಕೈ ತೊಳೆದರು. ಅವರ ಮುಖದಲ್ಲಿ, ಬದುವಿನ ಕಲ್ಲು ಸಿಕ್ಕಾಗ ಕಾಣುವ ಸಮಾಧಾನ ಕಂಡು ಶಿವರಾಜು ಹತ್ತಿರ ಸರಿದ.

"ಗೌಡರೇ, ನಾಲ್ಕು ಗಂಟೆಗೆ ಎಲ್ಲರೂ ಚುಕ್ಕಿಬೀದಿಯಲ್ಲಿ ಸೇರಿ. ಅಲ್ಲಿಯವರೆಗೆ ಯಾರೂ ಠಾಣೆಯ ಕಡೆ ಹೋಗುವುದು ಬೇಡ."

ಸೇರಿದರು. ದೇವರಾಜು, ಅನುಶ್ರೀ, ಕುರ್ಚಿಯ ಮೇಲೆ ಲಕ್ಕಮ್ಮ, ಗೋಡೆಗೊರಗಿ ಮಾಯಮ್ಮ, ಮಗನ ತೋಳು ಬಿಗಿಹಿಡಿದ ಸಣ್ಣಕ್ಕ. ನೀಲಾಂಬಿಕೆ ಬೆಟ್ಟದ ನೆತ್ತಿಯನ್ನೇ ನೋಡುತ್ತ ನಿಂತಿದ್ದರು. ದೇವರಾಜು ಮೂರು ಸಲ ಗಡಿಯಾರ ನೋಡಿಕೊಂಡರು. ಬೆಟ್ಟದ ನೆರಳು ಗೋಡೆ ಹತ್ತಿ, ಚಪ್ಪರ ದಾಟಿ ಬೀದಿಯನ್ನೆಲ್ಲ ತುಂಬಿಕೊಂಡಿತು. ಇನ್ನೇನು ಗೌಡರ ತಾಳ್ಮೆ ತಪ್ಪಬೇಕು, ಅಷ್ಟರಲ್ಲಿ ಬೀದಿಯುದ್ದಕ್ಕೂ ದೀಪಗಳು ಒಂದೊಂದಾಗಿ ಹತ್ತಿಕೊಂಡವು.

"ದೀಪ ಹತ್ತಿತಲ್ಲ ಮಾಯಮ್ಮ," ಎಂದರು ನೀಲಾಂಬಿಕೆ. "ನಿನ್ನೆಯೂ ಹೀಗೇ ಹತ್ತಿತೇ?"

"ಇಂಗೇ ಕಣವ್ವ!"

"ಗೌಡರೇ, ಗಂಟೆ ಎಷ್ಟು?"

ದೇವರಾಜು ಗಡಿಯಾರ ನೋಡಿದರು. ಅದು ಓಡುತ್ತಿದೆಯೇ ಎಂದು ಕಿವಿಗೆ ಹಿಡಿದರು. ಶಿವರಾಜು ಬೀದಿಯ ತುದಿಗೆ ಓಡಿ ಇಣುಕಿ ನೋಡಿದ. ಸಂತೆಬಯಲಿನಲ್ಲಿ ಬಿಸಿಲು ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು.

"ಇನ್ನೂ ನಾಲ್ಕೂವರೆ ಸಾ! ನಾಲ್ಕೂವರೆ!" ಎಂದು ಅವನು ಮೊಬೈಲು ನೋಡಿಕೊಂಡು ಅಲ್ಲಿಂದಲೇ ಕೂಗಿದ. ತಾನೇ ಪತ್ತೆ ಮಾಡಿದ ಹಾಗಿತ್ತು ಆ ಕೂಗು.

"ಸಣ್ಣಕ್ಕನೂ ಸುಳ್ಳು ಹೇಳುವವಳಲ್ಲ, ಮಾಯಮ್ಮನೂ ಅಲ್ಲ," ಎಂದರು ನೀಲಾಂಬಿಕೆ. "ಇಬ್ಬರೂ ನಿಜ ಹೇಳುತ್ತಿದ್ದಾರೆ ಅಂತ ಇಟ್ಟುಕೊಂಡೆ. ಆಗ ಉಳಿಯುವುದು ಒಂದೇ ದಾರಿ. ಹರದನಹಳ್ಳಿಯ ದೀಪ ಬೇರೆ, ಈ ಬೀದಿಯ ದೀಪ ಬೇರೆ. ಅನುಶ್ರೀ ಕಣ್ಣಿಗೆ ಹಿತವಾಗಲಿ ಅಂತ ಇಲ್ಲಿ ಮಬ್ಬು ಕಟ್ಟಿದಳು. ಮೇ ತಿಂಗಳಲ್ಲಿ ಸೂರ್ಯ ಬಡಗಲಿಗೆ ಸರಿದು ಮುಳುಗುತ್ತಾನೆ, ಬೆಟ್ಟ ಅಡ್ಡ ಬರುವುದಿಲ್ಲ. ಅದಕ್ಕೇ ಆಗ ದೀಪ ಸರಿಯಾಗಿತ್ತು. ಈಗ ಡಿಸೆಂಬರ್, ತೆಂಕಲಿಗೆ ಇಳಿದವನು ನೇರವಾಗಿ ಬೆಟ್ಟದ ಹಿಂದೆ ಹೋಗುತ್ತಾನೆ. ಸೆನ್ಸರಿಗೇನು ಗೊತ್ತು? ಕತ್ತಲಾಯಿತು ಅಂದುಕೊಂಡಿತು. ಮಾಯಮ್ಮನೂ ಅಂದುಕೊಂಡಳು. ಪೊರಕೆ ಮೂಲೆಗಿಟ್ಟಳು."

ಅನುಶ್ರೀ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ನಾನು ಬೇಸಿಗೆ ಲೆಕ್ಕವನ್ನೇ ನಂಬಿಕೊಂಡು ಕೂತೆ!"

"ಗೌಡರೇ, ಸಾಕ್ಷಿ ಹೇಳಿದವರು ನೀವೇ. ನೆಂಟರು ಬಂದಾಗ ಪೊರಕೆ ಆಗಲೇ ಬಿದ್ದಿತ್ತು ಅಂದಿರಿ. ಪೊರಕೆ ಬಿದ್ದದ್ದು ದೀಪ ಹತ್ತಿದ ಮೇಲೆ. ಅಂದರೆ ನಿಮ್ಮ ಆಟಕ್ಕಿಂತ ಮೊದಲೇ ದೀಪ ಹತ್ತಿತ್ತು, ಕೀರ್ತಿರಾಜ್ ಮೊದಲೇ ಹೋಗಿದ್ದ. ಅವನು ಹೋದ ಮೇಲೆ ನೀವು ನಕ್ಷತ್ರ ನೋಡಿದಿರಿ. ಕಣ್ಣಿಲ್ಲದೆ ನೋಡಿದಿರಾ?"

"ದೀಪ ಇತ್ತು, ಹೌದು," ಎಂದು ದೇವರಾಜು ತೊದಲಿದರು. "ಈ ಬೀದಿ ಕತ್ತಲು ಅಲ್ವಾ, ಇರುತ್ತೆ ಅಂದ್ಕೊಂಡೆ. ಯೋಚನೇನೇ ಮಾಡ್ಲಿಲ್ಲ."

"ಯೋಚನೆ ಮಾಡುವ ಮೊದಲೇ ಒಬ್ಬನ ಚೀಲ ಸುರುವಿದಿರಿ. ಒಬ್ಬನದು ಮಾತ್ರ."

ಸಣ್ಣಕ್ಕ ಮಗನ ತೋಳು ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೋದ ಜೀವ ಬಂದಂತಾಗಿ ಶಿವರಾಜು ಅಲ್ಲೇ ಗೋಡೆಗೆ ಒರಗಿದ.

"ಮತ್ತೆ ಕಣ್ಣು ಎಲ್ಲೋಯ್ತು?" ಎಂದರು ದೇವರಾಜು.

"ಕಳ್ಳನಾದವನು ಕದ್ದ ಜಾಗಕ್ಕೆ ಧೂಳು ಕೂರದಿರಲಿ ಅಂತ ಬಟ್ಟೆ ಮುಚ್ಚುವುದಿಲ್ಲ. ಕುಂಕುಮ ಇಟ್ಟು ತಪ್ಪಾಯಿತು ಅನ್ನುವುದಿಲ್ಲ. ಆಯುಧಪೂಜೆಗೆ ಈ ಯಂತ್ರ ಬಂದೇ ಇರಲಿಲ್ಲ, ಹಾಗಾಗಿ ಬೊಟ್ಟು ಹೊಸದು. ಕಣ್ಣು ತೆಗೆದವರಿಗೆ ಅದನ್ನು ಕೆಡಿಸುವ ಮನಸ್ಸಿರಲಿಲ್ಲ, ಸ್ವಲ್ಪ ದಿನ ಮರೆ ಮಾಡಬೇಕಿತ್ತು. ಗಾಜಿನ ಸಾಮಾನಿಗೆ ಗೀರು ಬೀಳದ ಹಾಗೆ ನಮ್ಮ ಹೆಂಗಸರು ಎಲ್ಲಿ ಇಡುತ್ತಾರೆ? ರಾಗಿಯೊಳಗೆ. ಗುಡಿಸಿದ ಮನೆಯ ಗುಡಾಣದ ಬುಡದಲ್ಲಿ ರಾಗಿ ಚೆಲ್ಲಿದ್ದು ಇವತ್ತು ಬೆಳಗ್ಗೆ ಶಿವರಾಜುವಿನ ಕಾಲಿಗೆ ಚುಚ್ಚಿತು. ಆಟ ಮುಗಿದ ಮೇಲೆ ಗುಮ್ಮಟದ ದಾರಿಯಲ್ಲಿ ಒಬ್ಬರೇ ವಾಪಸ್ಸು ಬಂದು ಆ ಮನೆಯ ಜಗುಲಿಯಲ್ಲಿ ಕೂತವರು—"

"ನಾನೇ ಕಣ್ ಮಗ," ಎಂದರು ಲಕ್ಕಮ್ಮ.

"ಅವ್ವಾ!" ಎಂದು ದೇವರಾಜು ಕೂಗಿಕೊಂಡರು.

ಲಕ್ಕಮ್ಮ ಕುರ್ಚಿಯಿಂದ ಏಳಲು ಹೋಗಿ, ಮಂಡಿ ಹಿಡಿದು ಮತ್ತೆ ಕೂತರು. "ನೀನು ಮಾತು ಕೇಳ್ದೆ ಕಣ್ಲಾ. ಧನುರ್ಮಾಸದಾಗೆ ಬಾಗ್ಲು ತಗೀತೀನಿ ಅಂದೆ. ಇದು ಉಡುಗಿಯ ಮೊದಲನೇ ಕೆಲ್ಸ. ಅವಳಿಗೇನಾನಾ ಆದ್ರೆ? ಕಣ್ಣಿಲ್ದಿದ್ರೆ ಸಂಕ್ರಾಂತಿ ಗಂಟ ನಿಂತ್ಕತದೆ, ಆಮ್ಯಾಕೆ ನಾನೇ ಇಟ್ಬುಡಾನ ಅಂದ್ಕಂಡೆ. ಬಾಗಿನಕ್ಕೆ ಬಂದಿದ್ದ ರವಿಕೆ ಕಣ ಮುಚ್ಚಿ ಕೈ ಮುಗ್ದು ಬಂದೆ. ಈ ಮಗಿನ ಮ್ಯಾಲೆ ಬಂತು ನೋಡು, ಬಾಯೇ ಬರ್ನಿಲ್ಲ. ಇವತ್ತು ಏಳಾನ, ಇನ್ನೊಂದು ಗಳ್ಗೆಗೆ ಏಳಾನ ಅಂತ ಕುಂತೇ ಇದ್ದೆ."

"ನಿಮ್ಮ ಮೊಮ್ಮಗಳಿಗೆ ಕೇಡಾಗಬಾರದು ಅಂತ ಇನ್ನೊಬ್ಬಳ ಮಗನ ಬಾಳಿಗೆ ಕೇಡು ತರಲು ಹೊರಟಿರಿ ಅಜ್ಜಿ," ಎಂದರು ನೀಲಾಂಬಿಕೆ. ದನಿ ಏರಲಿಲ್ಲ, ಆದರೆ ಮೆತ್ತಗೂ ಇರಲಿಲ್ಲ. "ಕಣ್ಣು ತೆಗೆದದ್ದಕ್ಕಿಂತ ಸುಮ್ಮನೆ ಕೂತದ್ದು ದೊಡ್ಡ ತಪ್ಪು."

"ಔದು ಮಗ. ಅದೇ ದೊಡ್ಡದು."

ಲಕ್ಕಮ್ಮ ಮೊಮ್ಮಗಳ ಭುಜ ಹಿಡಿದು ಎದ್ದು, ಸಣ್ಣಕ್ಕನ ಮುಂದೆ ಹೋಗಿ ಕೈ ಮುಗಿದರು. ಅಂಥ ಮನೆಯ ಹಿರಿಯ ಹೆಂಗಸು ಹೀಗೆ ತಮ್ಮ ಕೇರಿಯವರ ಮುಂದೆ ಕೈ ಮುಗಿದದ್ದನ್ನು ಶಿವರಾಜು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಸಣ್ಣಕ್ಕ ಆ ಕೈಗಳನ್ನು ನೋಡಿದಳು.

"ರಾತ್ರಿಯೆಲ್ಲ ನನ್ ಮಗ ಉಣ್ಣಲಿಲ್ಲ ಅಜ್ಜಿ," ಎಂದಳು. "ಕೈ ಇಳಿಸಿ. ನೀವು ಕೈ ಮುಗಿಯೋದು ನಂಗೆ ಬ್ಯಾಡ. ಇವನು ಕಳ್ಳ ಅಲ್ಲ ಅಂತ ಎಲ್ಲಾರ ಮುಂದೆ ಬಾಯ್ಬಿಟ್ಟು ಏಳಿ, ಸಾಕು."

"ಇವನು ಕಳ್ಳ ಅಲ್ಲ!" ಎಂದರು ಲಕ್ಕಮ್ಮ, ಬೀದಿಯಲ್ಲಿದ್ದ ಕೆಲಸದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. ದೇವರಾಜು ಬಂದು ಕೀರ್ತಿರಾಜನ ಎರಡೂ ಕೈ ಹಿಡಿದುಕೊಂಡರು. "ನಂದು ತಪ್ಪಾಯ್ತು ಕಣಪ್ಪ. ನಿನ್ನ ಚೀಲಕ್ಕೆ ಕೈ ಹಾಕಬಾರದಿತ್ತು." ಹುಡುಗ ಕೈ ಕಿತ್ತುಕೊಳ್ಳಲಿಲ್ಲ. ಆಮೇಲೆ ತಲೆಯೆತ್ತಿ, "ಮೊದ್ಲು ಕಣ್ಣು ಹೆಂಗೈತೆ ನೋಡಾನ ಸರ್," ಎಂದ.

ಗುಡಾಣಕ್ಕೆ ಮೊಣಕೈವರೆಗೆ ಕೈಯಿಳಿಸಿದವನು ಅವನೇ. ಕಣ್ಣು ಹೊರಬಂತು, ಮುಚ್ಚಳ ಹಾಕಿದ್ದು ಹಾಗೇ ಇತ್ತು, ಎಲ್ಲೂ ಒಂದು ಗೀರಿಲ್ಲ. ಅವನು ಅದನ್ನು ದೀಪಕ್ಕೆ ಹಿಡಿದು ನೋಡಿ ನಿಡಿದಾಗಿ ಉಸಿರು ಬಿಟ್ಟಾಗ ಸುತ್ತ ನಿಂತವರೆಲ್ಲ ಉಸಿರು ಬಿಟ್ಟರು.

"ಅಪ್ಪ, ಒಂದು ಮಾತು," ಎಂದಳು ಅನುಶ್ರೀ. "ದೀಪ ಇಷ್ಟು ಬೇಗ ಹತ್ತಿದರೆ ಆಗಲ್ಲ. ಸೆನ್ಸರ್ ಕಿತ್ತು ಬೇರೆ ವೈರಿಂಗ್ ಮಾಡಬೇಕು. ಬೆಟ್ಟದ ನೆರಳನ್ನೂ ಮತ್ತೆ ಲೆಕ್ಕ ಹಾಕಬೇಕು. ಸಂಕ್ರಾಂತಿ ಆಗೋವರೆಗೆ ಬಾಗಿಲು ತೆಗೆಯೋಕೆ ಸಾಧ್ಯವೇ ಇಲ್ಲ."

ದೇವರಾಜು ತಾಯಿಯನ್ನು ನೋಡಿದರು. ಲಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ನೆಪದಲ್ಲಿ ನಗು ಮುಚ್ಚಿಕೊಂಡರು. "ಆಗ್ಲಮ್ಮ. ನೀವಿಬ್ರೂ ಸೇರ್ಕೊಂಡ್ರೆ ನಾನೇನು ಮಾಡ್ಲಿ," ಎಂದು ಗೌಡರು ಸೋತರು. ಮಾಯಮ್ಮ ಅಷ್ಟೊತ್ತಿಗೆ ಸಣ್ಣಕ್ಕನ ಪಕ್ಕ ಬಂದು, ಅವಳ ಸೆರಗು ಹಿಡಿದು ನಿಂತಿದ್ದಳು. ಸಣ್ಣಕ್ಕ ಸೆರಗು ಬಿಡಿಸಿಕೊಳ್ಳಲಿಲ್ಲ.

ಕೀರ್ತಿರಾಜ್ ಗುಮ್ಮಟದೊಳಗೆ ಹೋಗಿ ಕಣ್ಣು ಜೋಡಿಸಿದ. ದೇವರಾಜು ಗುಂಡಿಯ ಹತ್ತಿರ ಹೋಗಲು ಹೆಜ್ಜೆ ಎತ್ತಿದವರು, ಅದೇನು ತೋಚಿತೋ, ಬಾಗಿಲಲ್ಲೇ ನಿಂತುಬಿಟ್ಟರು.

"ನೀನೇ ಒತ್ತಪ್ಪ," ಎಂದರು.

"ನಮ್ಮವ್ವ ಇದನ್ನ ನೋಡೇ ಇಲ್ಲ ಸರ್," ಎಂದ ಕೀರ್ತಿರಾಜ್. "ಮೊದ್ಲು ಅವಳೊಬ್ಬಳು ನೋಡ್ಲಿ. ನೀವೆಲ್ಲ ಆಮೇಲೆ ಬನ್ನಿ."

ಸಣ್ಣಕ್ಕ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಹೋದ ಹಾಗೆ ತಲೆ ತಗ್ಗಿಸಿ ಒಳಗೆ ಹೋದಳು. ಅಷ್ಟು ಸೀಟುಗಳ ನಡುವೆ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತವಳನ್ನು ಮಗ ಸರಿಯಾಗಿ ನಡುಮಧ್ಯದಲ್ಲಿ ಕೂರಿಸಿದ. ಬಾಗಿಲು ಮುಚ್ಚಿತು. ನೀಲಾಂಬಿಕೆ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದರು. ಬೋಂಡಾದ ಅಂಗಡಿ ಇವತ್ತೂ ಇದೆಯೇ ಎಂದು ಕೇಳಬೇಕೆಂದುಕೊಂಡ ಶಿವರಾಜು ಅದನ್ನು ಬಿಟ್ಟು ಬಾಗಿಲಿಗೆ ಕಿವಿಗೊಟ್ಟ. ಒಳಗಿನಿಂದ ತಂಗಿಯ ದನಿ ಮಾತ್ರ ಕೇಳಿಸಿತು.

"ಅಯ್ಯೋ ಮಗ! ಇಷ್ಟೊಂದಾ!"